ಹಿತ್ತಲಲ್ಲೇ ನಿಂತು ನೀಹಾರಿಕೆ, ಗ್ಯಾಲಕ್ಸಿ ನೋಡುವುದು: ಹಾಸನ, ಚಿಕ್ಕಮಗಳೂರಿನ ಆಕಾಶಕ್ಕೆ ಸಮಗ್ರ ಮಾರ್ಗದರ್ಶಿ

ಟೆಲಿಸ್ಕೋಪ್ ತಂದ ಮೊದಲ ವಾರದಲ್ಲೇ ಚಂದ್ರನ ಕುಳಿಗಳು, ಶನಿಯ ಬಳೆ ಎಲ್ಲರಿಗೂ ಕಾಣುತ್ತವೆ. ಸೋಲುವುದು ಅದರ ಮುಂದೆ. ಆಂಡ್ರೊಮಿಡಾ ಗ್ಯಾಲಕ್ಸಿ ಹುಡುಕಲು ಹೊರಟ ಹೆಚ್ಚಿನವರು ಗಂಟೆಗಟ್ಟಲೆ ಕತ್ತಲು ನೋಡಿ ಒಳಗೆ ಬರುತ್ತಾರೆ, ಮರುದಿನ ಕೇಳುವ ಪ್ರಶ್ನೆ ಒಂದೇ: "ಇನ್ನೂ ಹೆಚ್ಚು ಪವರ್‌ನ ಐಪೀಸ್ (ಕಣ್ಣಿಡುವ ಮಸೂರ) ತಗೊಳ್ಳಬೇಕಾ?"

ಬೇಡ. ಗ್ಯಾಲಕ್ಸಿ, ನೀಹಾರಿಕೆ (ಬಾಹ್ಯಾಕಾಶದ ಅನಿಲ, ಧೂಳಿನ ಮೋಡ) ಕಾಣದಿರುವುದು ಚಿಕ್ಕವು ಎಂಬ ಕಾರಣಕ್ಕಲ್ಲ, ಮಸುಕು ಎಂಬ ಕಾರಣಕ್ಕೆ. ಆಂಡ್ರೊಮಿಡಾದ ಉದ್ದ ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಪವರ್ ಏರಿಸಿದಷ್ಟೂ ಇರುವ ಬೆಳಕು ಹರಡಿಹೋಗಿ ಇನ್ನೂ ಮಂಕಾಗುತ್ತದೆ. ಇಲ್ಲಿ ಗೆಲ್ಲಿಸುವುದು ಕೆಲಸದ ಅನುಕ್ರಮ. ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಒಂದನ್ನು ಬಿಟ್ಟರೆ ಅದರ ಮುಂದಿನವು ಕೆಲಸಕ್ಕೆ ಬರುವುದಿಲ್ಲ.

ಮೊದಲು ಸಾಮಾನು

150 ಅಥವಾ 200 ಮಿಮೀ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪ್) ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎರಡರಲ್ಲೂ ಸಾಮಾನ್ಯವಾಗಿ ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ) 1200 ಮಿಮೀ ಇರುವುದರಿಂದ ಮುಂದಿನ ಲೆಕ್ಕಗಳೆಲ್ಲ ಅದರ ಮೇಲೆಯೇ ಇವೆ. 114 ಮಿಮೀ ಇದ್ದರೂ ಸಾಕಷ್ಟು ಕಾಣುತ್ತದೆ. 70 ಮಿಮೀ ಲೆನ್ಸ್ ಟೆಲಿಸ್ಕೋಪ್ ಇದ್ದವರು ನಕ್ಷತ್ರಗುಚ್ಛಗಳು, ಮಹಾವ್ಯಾಧದ (ಒರಾಯನ್) ನೀಹಾರಿಕೆ ಮತ್ತು ಆಂಡ್ರೊಮಿಡಾಗೆ ಗುರಿ ಇಟ್ಟುಕೊಳ್ಳಿ.

ಇದರ ಜೊತೆಗೆ: 25 ಮಿಮೀ ಮತ್ತು 10 ಮಿಮೀ ಐಪೀಸ್, ಫೈಂಡರ್ (ಗುರಿ ಹಿಡಿಯಲು ಟ್ಯೂಬಿನ ಮೇಲೆ ಕೂರುವ ಚಿಕ್ಕ ದರ್ಶಕ), ಕಾಲಿಮೇಷನ್ ಕ್ಯಾಪ್ (ಕನ್ನಡಿಗಳನ್ನು ಸಾಲಿಗೆ ತರಲು ಬಳಸುವ ತೂತಿನ ಮುಚ್ಚಳ) ಮತ್ತು ಅಲೆನ್ ಕೀ, ಕೆಂಪು ಟಾರ್ಚ್, ಮುದ್ರಿಸಿದ ನಕ್ಷತ್ರ ನಕ್ಷೆ, ಪೆನ್ಸಿಲ್, ಕಪ್ಪು ಬಟ್ಟೆ ಅಥವಾ ಕಂಬಳಿ. ಒಂದು ಸ್ಟೂಲು ತಪ್ಪದೆ ಇರಲಿ. ನಿಂತು ಬಗ್ಗಿ ನೋಡುವವರ ತಲೆ ಅಲುಗಾಡುತ್ತಲೇ ಇರುತ್ತದೆ. ಕೂತು ನೋಡಿದರೆ ಅದೇ ಟೆಲಿಸ್ಕೋಪಿನಲ್ಲಿ ಹೆಚ್ಚು ಕಾಣುತ್ತದೆ.

ಪವರ್ ಲೆಕ್ಕ ಸುಲಭ: ಟೆಲಿಸ್ಕೋಪಿನ ಫೋಕಲ್ ಲೆಂತನ್ನು ಐಪೀಸಿನ ಫೋಕಲ್ ಲೆಂತಿನಿಂದ ಭಾಗಿಸಿ. 1200ನ್ನು 25ರಿಂದ ಭಾಗಿಸಿದರೆ 48 ಪಟ್ಟು. ಈ ಪವರ್‌ನಲ್ಲಿ ಎರಡು ಚಂದ್ರರು ಪಕ್ಕಪಕ್ಕ ಹಿಡಿಸುವಷ್ಟು ಆಕಾಶ ಒಮ್ಮೆಗೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಬಂದ 4 ಮಿಮೀ ಐಪೀಸಿಗೆ 2 ಪಟ್ಟಿನ ಬಾರ್ಲೋ (ಪವರ್ ಹೆಚ್ಚಿಸುವ ಲೆನ್ಸ್) ಸೇರಿಸಿದರೆ 600 ಪಟ್ಟು. ಅದರಲ್ಲಿ ನೀಹಾರಿಕೆ ಎಂದೂ ಕಾಣುವುದಿಲ್ಲ. ಬಾರ್ಲೋ ಪೆಟ್ಟಿಗೆಯಲ್ಲೇ ಇರಲಿ.

ಹಂತ 1: ಗೋಡೆ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಿ

ಚಂದ್ರ ಇದ್ದ ರಾತ್ರಿ ಗ್ಯಾಲಕ್ಸಿ ಇಲ್ಲ. ಇದಕ್ಕೆ ಯಾವ ಆ್ಯಪೂ ಬೇಕಿಲ್ಲ, ತಿಥಿ ಸಾಕು. ಬಹುಳ ಅಷ್ಟಮಿಯ ಚಂದ್ರ ಹುಟ್ಟುವುದು ನಡುರಾತ್ರಿಯ ಹೊತ್ತಿಗೆ, ಅಲ್ಲಿಂದ ಅಮಾವಾಸ್ಯೆವರೆಗೆ ಸಂಜೆಯ ಆಕಾಶ ಕತ್ತಲಾಗಿರುತ್ತದೆ. ಅಮಾವಾಸ್ಯೆ ಕಳೆದು ಶುದ್ಧ ಚೌತಿವರೆಗೂ ಚಂದ್ರ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮುಳುಗುತ್ತಾನೆ. ಆಮೇಲೆ ಕೆಲಸ ಶುರು ಮಾಡಬಹುದು. ಬೆಳಗಿನ ಜಾವ ಏಳಬಲ್ಲವರಿಗೆ ಲೆಕ್ಕ ತಿರುಗುಮುರುಗು: ಅಮಾವಾಸ್ಯೆಯಿಂದ ಶುದ್ಧ ದಶಮಿವರೆಗೆ ನಾಲ್ಕು ಗಂಟೆಯ ಆಕಾಶದಲ್ಲಿ ಚಂದ್ರ ಇರುವುದಿಲ್ಲ.

ಸೂರ್ಯ ಮುಳುಗಿದ ಮೇಲೆ ಪೂರ್ತಿ ಕತ್ತಲಾಗಲು ನಮ್ಮಲ್ಲಿ ಒಂದೂಕಾಲು ಗಂಟೆ ಬೇಕು. ಅದಕ್ಕೂ ಮೊದಲು ಹುಡುಕಿ ಬೇಸರಪಟ್ಟುಕೊಳ್ಳಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಭಾಗದಲ್ಲಿ ಈ ಕೆಲಸ ಆಗದು. ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಗುಡುಗಿ ಮಳೆ ಬಂದು ಹೋದ ರಾತ್ರಿ ಮೋಡ ಸರಿದರೆ ಬಿಡಬೇಡಿ. ಹೂಮಳೆ ಧೂಳನ್ನೂ, ದರಗು ಸುಟ್ಟ ಹೊಗೆಯನ್ನೂ ತೊಳೆದಿರುತ್ತದೆ. ಇಡೀ ವರ್ಷದ ಅತಿ ಸ್ವಚ್ಛ ಆಕಾಶ ಸಿಗುವುದು ಇಂಥ ರಾತ್ರಿಗಳಲ್ಲೇ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬಯಲಿನವರಿಗೆ ಮೋಡವಿಲ್ಲದ ರಾತ್ರಿಗಳು ಸಕಲೇಶಪುರ, ಮೂಡಿಗೆರೆಯವರಿಗಿಂತ ಹೆಚ್ಚು ಸಿಗುತ್ತವೆ.

ಆಕಾಶ ತಿಳಿಯಾಗಿದೆಯೇ ಎಂದು ತಿಳಿಯಲು ಕೃತ್ತಿಕೆಯನ್ನು ಬರಿಗಣ್ಣಿನಲ್ಲಿ ಎಣಿಸಿ. ಆರು, ಏಳು ನಕ್ಷತ್ರ ಬಿಡಿಯಾಗಿ ಕಂಡರೆ ಟೆಲಿಸ್ಕೋಪ್ ಹೊರಗೆ ತನ್ನಿ. ನಾಲ್ಕೇ ಕಂಡರೆ ಮೇಲೆ ತೆಳು ಮಂಜಿದೆ, ಆ ದಿನ ಗ್ಯಾಲಕ್ಸಿ ಬಿಟ್ಟು ನಕ್ಷತ್ರಗುಚ್ಛ ನೋಡಿ.

ಹಂತ 2: ಜಾಗ

ಬೆಟ್ಟದ ತುದಿಗೇ ಹೋಗಬೇಕೆಂಬುದು ತಪ್ಪು ತಿಳುವಳಿಕೆ. ಗಿರಿಯ ಮೇಲೆ ಗಾಳಿಗೆ ಟ್ಯೂಬ್ ನಿಲ್ಲುವುದಿಲ್ಲ, ಮಂಜು ಯಾವಾಗ ಮುಚ್ಚುತ್ತದೋ ಹೇಳಲಾಗದು. ನೇರ ಬೆಳಕು ಕಣ್ಣಿಗೆ ಬೀಳದ ಹಿತ್ತಲೇ ಮೇಲು. ಬೀದಿದೀಪ ಮರೆಯಾಗುವಂತೆ ಮನೆಯ ಗೋಡೆಯನ್ನೋ ಅಡಕೆ ಸಾಲನ್ನೋ ಮಧ್ಯೆ ಇಟ್ಟುಕೊಳ್ಳಿ. ಮರೆ ಸಿಗದಿದ್ದರೆ ಕಂಬಳಿಯನ್ನು ತಲೆಯ ಮೇಲಿಂದ ಐಪೀಸಿನವರೆಗೆ ಹೊದ್ದುಕೊಳ್ಳಿ, ಅಷ್ಟರಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ.

ಪೇಟೆ ಯಾವ ದಿಕ್ಕಿಗಿದೆ ಎಂಬುದು ಮುಖ್ಯ. ಈ ಮಾರ್ಗದರ್ಶಿಯ ಒಳ್ಳೆಯ ಗುರಿಗಳು ಹೆಚ್ಚಾಗಿ ದಕ್ಷಿಣದಲ್ಲಿವೆ. ಹಾಗಾಗಿ ಪೇಟೆ ನಿಮ್ಮ ಉತ್ತರಕ್ಕಿದ್ದರೆ ಅನುಕೂಲ. ಹಾಸನದಿಂದ ಅರಕಲಗೂಡು ಕಡೆಯ ಹಳ್ಳಿಗಳು, ಚಿಕ್ಕಮಗಳೂರಿನಿಂದ ಬೇಲೂರು ರಸ್ತೆಯ ಕಡೆಯ ಹಳ್ಳಿಗಳು ಈ ಲೆಕ್ಕದಲ್ಲಿ ಮುಂದು.

ಕಾಫಿ ಒಣಗಿಸುವ ಕಣ ಸಮತಟ್ಟಾಗಿ, ಬಯಲಾಗಿ ಕಾಣುತ್ತದೆ, ಎಲ್ಲರೂ ಅಲ್ಲೇ ಇಡುತ್ತಾರೆ. ಆದರೆ ಸಿಮೆಂಟು ಹಗಲಿನ ಬಿಸಿಯನ್ನು ರಾತ್ರಿ ಹತ್ತರವರೆಗೂ ಬಿಡುತ್ತಿರುತ್ತದೆ, ಆ ಬಿಸಿಗಾಳಿಗೆ ನಕ್ಷತ್ರ ಕುದಿಯುತ್ತದೆ. ಕಣದ ಪಕ್ಕದ ಹುಲ್ಲಿನ ಮೇಲೆ ಇಡಿ. ತಾರಸಿಗೂ ಇದೇ ಮಾತು, ಮೇಲಾಗಿ ಅಲ್ಲಿ ಯಾರಾದರೂ ಹೆಜ್ಜೆ ಹಾಕಿದರೂ ಚಿತ್ರ ನಡುಗುತ್ತದೆ. ತೋಟದೊಳಗೆ ಇಡುವವರು ಹಗಲಲ್ಲೇ ನಿಂತು ನೋಡಿ: ಸಿಲ್ವರ್ ಓಕ್ ಸಾಲು ದಕ್ಷಿಣವನ್ನು ಮುಚ್ಚುತ್ತಿದ್ದರೆ ಬೇರೆ ಜಾಗ ಹುಡುಕಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಜಾಗಕ್ಕೆ ನಡೆದು ಹೋಗುವಾಗ, ಬರುವಾಗ ಬಿಳಿ ಟಾರ್ಚನ್ನೇ ಹಿಡಿಯಿರಿ. ಕೆಂಪು ಬೆಳಕಿನಲ್ಲಿ ತರಗೆಲೆಯ ಮೇಲಿನ ಹಾವು ಕಾಣುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆ ಓಡಾಟದ ಸುದ್ದಿ ಇರುವ ದಿನಗಳಲ್ಲಿ ಮನೆಯಂಗಳ ಬಿಟ್ಟು ಕದಲಬೇಡಿ. ಕೊಂಬೆ ಮುರಿಯುವ ಸದ್ದು ಕೇಳಿದರೆ ಟೆಲಿಸ್ಕೋಪನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ.

ಹಂತ 3: ಹಗಲಲ್ಲೇ ಫೈಂಡರ್ ಹೊಂದಿಸಿ

ಹತ್ತರಲ್ಲಿ ಎಂಟು ಸೋಲುಗಳ ಬೇರು ಇಲ್ಲಿದೆ ಎಂದರೆ ಹೆಚ್ಚಾಗದು. ಫೈಂಡರ್ ಒಂದು ಕಡೆ, ಟೆಲಿಸ್ಕೋಪ್ ಒಂದು ಕಡೆ ನೋಡುತ್ತಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಒಂದು ಕಿಲೋಮೀಟರಿಗೂ ದೂರದ ಮೊಬೈಲ್ ಟವರ್ ಅಥವಾ ನೀರಿನ ಟ್ಯಾಂಕ್ ಆರಿಸಿ. 25 ಮಿಮೀ ಐಪೀಸಿನಲ್ಲಿ ಟವರ್ ತುದಿಯನ್ನು ನಡುವಿಗೆ ತನ್ನಿ. ಆಮೇಲೆ ಟ್ಯೂಬ್ ಮುಟ್ಟದೆ ಫೈಂಡರಿನ ತಿರುಪುಗಳನ್ನು ಮಾತ್ರ ತಿರುಗಿಸಿ, ಅದೇ ತುದಿ ಅಡ್ಡಗೆರೆಗಳ ಮೇಲೆ ಅಥವಾ ಕೆಂಪು ಚುಕ್ಕೆಯ ಮೇಲೆ ಕೂರುವಂತೆ ಮಾಡಿ. 10 ಮಿಮೀ ಹಾಕಿ ಇನ್ನೊಮ್ಮೆ ತಿದ್ದಿ. ರಾತ್ರಿ ಒಂದು ಪ್ರಕಾಶಮಾನ ನಕ್ಷತ್ರದ ಮೇಲೆ ಕೊನೆಯ ತಿದ್ದುಪಡಿ. ನೂರಿನ್ನೂರು ಮೀಟರ್ ದೂರದ ತೆಂಗಿನ ಮರಕ್ಕೆ ಹೊಂದಿಸಿದರೆ ನಕ್ಷತ್ರಕ್ಕೆ ಅದು ಸರಿಹೊಂದದು.

ಎಚ್ಚರಿಕೆ: ಹಗಲಲ್ಲಿ ಟ್ಯೂಬ್ ಅಥವಾ ಫೈಂಡರ್ ಸೂರ್ಯನ ಕಡೆ ತಿರುಗಲೇಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುವ ದಿಕ್ಕಿನ ಗುರಿಯನ್ನೇ ಆರಿಸಿ, ಮಕ್ಕಳನ್ನು ಟೆಲಿಸ್ಕೋಪಿನ ಬಳಿ ಒಂಟಿಯಾಗಿ ಬಿಡಬೇಡಿ.

ಹಂತ 4: ಕನ್ನಡಿ ತಣಿಯಲಿ, ಕಾಲಿಮೇಷನ್ ಆಗಲಿ

ಮನೆಯೊಳಗಿದ್ದ ಕನ್ನಡಿ ಹೊರಗಿನ ತಣ್ಣನೆಗೆ ಬರಲು 150 ಮಿಮೀಗೆ ಅರ್ಧ ಗಂಟೆ, 200 ಮಿಮೀಗೆ ಮುಕ್ಕಾಲರಿಂದ ಒಂದು ಗಂಟೆ ಬೇಕು. ಸೂರ್ಯ ಮುಳುಗುತ್ತಲೇ ಟೆಲಿಸ್ಕೋಪ್ ಹೊರಗಿಟ್ಟು ಊಟ ಮುಗಿಸಿ ಬನ್ನಿ.

ಕಾಲಿಮೇಷನ್ ಎಂದರೆ ಎರಡು ಕನ್ನಡಿಗಳನ್ನೂ ಒಂದೇ ಸಾಲಿಗೆ ತರುವುದು. ಜೀಪಿನಲ್ಲಿ ತೋಟದ ದಾರಿಯಲ್ಲಿ ತಂದ ಟೆಲಿಸ್ಕೋಪಿಗೆ ಪ್ರತಿ ಸಲವೂ ಬೇಕು. ಬೆಳಕಿರುವಾಗಲೇ ಐಪೀಸಿನ ಜಾಗಕ್ಕೆ ಕ್ಯಾಪ್ ಹಾಕಿ ಅದರ ತೂತಿನಿಂದ ನೋಡಿ. ಮೊದಲು ಚಿಕ್ಕ ಕನ್ನಡಿ: ಅದರೊಳಗೆ ದೊಡ್ಡ ಕನ್ನಡಿಯನ್ನು ಹಿಡಿದಿರುವ ಮೂರೂ ಕ್ಲಿಪ್‌ಗಳು ಕಾಣುವವರೆಗೆ ಅಲೆನ್ ಕೀಯಿಂದ ಮೂರು ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಹೋಗಿ. ಈ ಹೊತ್ತಿನಲ್ಲಿ ಟ್ಯೂಬ್ ಅಡ್ಡವಾಗಿರಲಿ, ನೆಟ್ಟಗಿದ್ದರೆ ಜಾರಿದ ಕೀ ನೇರ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ. ಆಮೇಲೆ ದೊಡ್ಡ ಕನ್ನಡಿ: ಹಿಂದಿನ ಗುಬುಟುಗಳನ್ನು ತಿರುಗಿಸಿ, ಅದರ ನಡುವಿನ ಉಂಗುರದೊಳಗೆ ಕ್ಯಾಪಿನ ತೂತಿನ ಪ್ರತಿಬಿಂಬ ಕೂರಿಸಿ. ಕ್ರಮ ಬದಲಾದರೆ ಎರಡೂ ಕೆಡುತ್ತವೆ.

ಹಂತ 5: ಕಣ್ಣಿಗೆ ಅರ್ಧ ಗಂಟೆ ಕೊಡಿ

ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಅದನ್ನು ಕೆಡಿಸಲು ಒಂದು ವಾಟ್ಸಾಪ್ ಮೆಸೇಜು ಸಾಕು. ಫೋನ್ ಒಳಗಿಟ್ಟು ಬನ್ನಿ. ನಕ್ಷೆಯ ಆ್ಯಪ್ ಬೇಕೇ ಬೇಕೆಂದರೆ ನೈಟ್ ಮೋಡ್ ಹಾಕಿ, ಬೆಳಕನ್ನು ತೀರಾ ತಗ್ಗಿಸಿ. ಕಾಗದದ ನಕ್ಷೆಯೇ ಒಳ್ಳೆಯದು.

ಕೆಂಪು ಟಾರ್ಚಿಗೆ ಅಂಗಡಿಯಲ್ಲಿ ಸಿಗುವ ಕೆಂಪು ಜಿಲೆಟಿನ್ ಪೇಪರನ್ನು ಮೂರು ನಾಲ್ಕು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಸುತ್ತಿ. ನಕ್ಷೆಯ ಅಕ್ಷರ ಕಷ್ಟಪಟ್ಟು ಓದುವಷ್ಟು ಬೆಳಕು ಸಾಕು. ಮನೆಯವರಿಗೂ ಮೊದಲೇ ಹೇಳಿಡಿ, ಹಿತ್ತಲ ಬಲ್ಬು ಒಮ್ಮೆ ಹತ್ತಿದರೆ ಅರ್ಧ ಗಂಟೆ ಮತ್ತೆ ಮೊದಲಿನಿಂದ.

ಹಂತ 6: ಮೊದಲ ಗುರಿ ಸುಲಭದ್ದಿರಲಿ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಹಾವ್ಯಾಧದ ನೀಹಾರಿಕೆ, ಅಂದರೆ ಎಂ 42 (ಎಂ ಎಂದರೆ ಮೆಸಿಯೆ ಪಟ್ಟಿಯ ಸಂಖ್ಯೆ), ಪ್ರತಿ ರಾತ್ರಿಯ ಮೊದಲ ಗುರಿ. ಮಹಾವ್ಯಾಧದ ನಡುವೆ ಸಾಲಾಗಿರುವ ಮೂರು ನಕ್ಷತ್ರಗಳ ದಕ್ಷಿಣಕ್ಕೆ ಇನ್ನೊಂದು ಮಸುಕು ಸಾಲಿದೆ, ಅದರ ನಡುವಿನದ್ದು ಇದು. ಜನವರಿಯಲ್ಲಿ ಸಂಜೆ ಎಂಟಕ್ಕೆ ಪೂರ್ವಕ್ಕೆ ಮುಖಮಾಡಿದರೆ ಆ ಮೂರರ ಬಲಗಡೆಗೆ ಸಿಗುತ್ತದೆ.

25 ಮಿಮೀ ಐಪೀಸ್ ಹಾಕಿ ಫೋಕಸ್ ಮಾಡಿ. ನಡುವೆ ಕಪ್ಪು ಚುಕ್ಕೆ ಇರುವ ದೊಡ್ಡ ಬೆಳಕಿನ ವೃತ್ತ ಕಂಡರೆ ಅದು ನೀಹಾರಿಕೆಯಲ್ಲ, ಫೋಕಸ್ ತಪ್ಪಿದ ನಕ್ಷತ್ರ. ಈ ವೃತ್ತವನ್ನೇ ಏನೋ ಸಿಕ್ಕಿತೆಂದು ನೋಡುತ್ತಾ ಕೂರುವವರು ಬಹಳ. ನಕ್ಷತ್ರಗಳು ಸೂಜಿಮೊನೆಯಷ್ಟು ಆಗುವವರೆಗೆ ತಿರುಗಿಸಿ. ನಡುವೆ ನಾಲ್ಕು ನಕ್ಷತ್ರಗಳ ಪುಟ್ಟ ಚೌಕ, ಸುತ್ತ ರೆಕ್ಕೆ ಬಿಚ್ಚಿದಂತಹ ಬೂದು ಬೆಳಕು ಕಂಡರೆ ಎಲ್ಲ ಸರಿಯಿದೆ.

ಬೂದು ಎಂದೇ ಬರೆದಿದ್ದೇವೆ. ಫೋಟೋದ ಗುಲಾಬಿ, ನೀಲಿ ಬಣ್ಣಗಳು ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿಟ್ಟಾಗ ಬರುವಂಥವು. ಮಸುಕು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು. ಬಣ್ಣ ಹುಡುಕುವವರು ಕಣ್ಣೆದುರಿನ ಗ್ಯಾಲಕ್ಸಿಯನ್ನೇ ದಾಟಿ ಹೋಗುತ್ತಾರೆ.

ಹಂತ 7: ನಕ್ಷತ್ರದಿಂದ ನಕ್ಷತ್ರಕ್ಕೆ ನಡೆಯಿರಿ

ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಇದೇ ಅಳತೆಗೋಲು.

ಇನ್ನೊಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. ಕನ್ನಡಿ ಟೆಲಿಸ್ಕೋಪಿನಲ್ಲಿ ಆಕಾಶ ತಲೆಕೆಳಗಾಗಿ ಕಾಣುತ್ತದೆ, ನಕ್ಷೆಯನ್ನೂ ತಲೆಕೆಳಗೆ ಹಿಡಿಯಿರಿ. ದಿಕ್ಕು ತಿಳಿಯದಿದ್ದರೆ ಟ್ಯೂಬ್ ಬಿಟ್ಟು ಸುಮ್ಮನೆ ನೋಡಿ: ನಕ್ಷತ್ರ ಯಾವ ಅಂಚಿನಿಂದ ಹೊರಹೋಗುತ್ತದೋ ಅದು ಪಶ್ಚಿಮ.

ನವೆಂಬರ್, ಡಿಸೆಂಬರಿನ ನಡಿಗೆ ಆಂಡ್ರೊಮಿಡಾ ಗ್ಯಾಲಕ್ಸಿಗೆ, ಅಂದರೆ ಎಂ 31ಕ್ಕೆ. ಪೂರ್ವಾಭಾದ್ರಾ, ಉತ್ತರಾಭಾದ್ರಾ ಸೇರಿ ಆಗುವ ದೊಡ್ಡ ಚೌಕ ಹಿಡಿಯಿರಿ. ಉತ್ತರಾಭಾದ್ರಾದ ಎರಡರಲ್ಲಿ ಉತ್ತರದ ನಕ್ಷತ್ರದಿಂದ ಈಶಾನ್ಯಕ್ಕೆ ಸಾಗಿದರೆ ಮೊದಲು ಒಂದು ಮಂಕು ನಕ್ಷತ್ರ, ಆಮೇಲೆ ಒಂದು ಪ್ರಕಾಶಮಾನವಾದದ್ದು, ಮೀರಾಕ್. ಅಲ್ಲಿ ತಿರುಗಿ ವಾಯವ್ಯಕ್ಕೆ 4 ಡಿಗ್ರಿ ಹೋದರೆ ಒಂದು ನಕ್ಷತ್ರ, ಇನ್ನು 3 ಡಿಗ್ರಿ ಹೋದರೆ ಇನ್ನೊಂದು ಮಂಕು ನಕ್ಷತ್ರ. ಅದರ ಪಶ್ಚಿಮ ಮಗ್ಗುಲಲ್ಲಿ, ಎರಡೂವರೆ ಚಂದ್ರನಷ್ಟು ದೂರದಲ್ಲಿ, ಫೈಂಡರಿನಲ್ಲೇ ಮಬ್ಬು ಕಲೆ ಕಾಣುತ್ತದೆ. ನವೆಂಬರ್ ಮಧ್ಯಭಾಗದಲ್ಲಿ ಒಂಬತ್ತೂವರೆಗೆ ಇದು ಉತ್ತರದಲ್ಲಿ ಅತಿ ಎತ್ತರದಲ್ಲಿರುತ್ತದೆ. ನಡುವೆ ಹೊಳಪಿನ ಗುಳಿಗೆ, ಎರಡೂ ಕಡೆ ಕರಗಿಹೋಗುವ ಮಂಜು. 25 ಲಕ್ಷ ವರ್ಷ ಹಿಂದೆ ಹೊರಟ ಬೆಳಕು ಅದು.

ನಮ್ಮ ಜಿಲ್ಲೆಗಳಿಗೆ ದಕ್ಕಿದ ನಿಜವಾದ ಭಾಗ್ಯ ಮಾತ್ರ ಬೇಸಿಗೆಯಲ್ಲಿದೆ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ದೆಹಲಿಯವರಿಗೆ ದಿಗಂತದ ಧೂಳಿನಲ್ಲಿ 14 ಡಿಗ್ರಿಗೆ ತೆವಳುವ ಒಮೇಗಾ ಸೆಂಟಾರಿ ಗೋಳಗುಚ್ಛ (ಲಕ್ಷಾಂತರ ನಕ್ಷತ್ರಗಳ ದುಂಡನೆಯ ಗುಂಪು) ನಮಗೆ 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಇದನ್ನು ಹುಡುಕಲು ಚಿತ್ರಾ ನಕ್ಷತ್ರವೊಂದು ಸಾಕು, ಎರಡೂ ಹೆಚ್ಚುಕಡಿಮೆ ಒಂದೇ ಉತ್ತರ–ದಕ್ಷಿಣ ಗೆರೆಯ ಮೇಲಿವೆ. ಚಿತ್ರಾ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದ ಹೊತ್ತಿಗೆ (ಮಾರ್ಚ್ ಮಧ್ಯದಲ್ಲಿ ರಾತ್ರಿ ಎರಡೂಕಾಲಿಗೆ, ಏಪ್ರಿಲ್ ಮಧ್ಯದಲ್ಲಿ ಹನ್ನೆರಡೂಕಾಲಿಗೆ, ಮೇ ಮಧ್ಯದಲ್ಲಿ ಹತ್ತೂಕಾಲಿಗೆ) ಅದರಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯಿರಿ. ಕತ್ತಲ ಜಾಗದಲ್ಲಿ ಅದು ಬರಿಗಣ್ಣಿಗೇ ಊದಿಕೊಂಡ ನಕ್ಷತ್ರದಂತೆ ಕಾಣುತ್ತದೆ. 48 ಪಟ್ಟಿನಲ್ಲಿ ಚಂದ್ರನಿಗಿಂತ ಅಗಲವಾಗಿ, ರಾಗಿ ಚೆಲ್ಲಿದಂತೆ ನಕ್ಷತ್ರಗಳು. ಸುಮಾರು 17,000 ಜ್ಯೋತಿರ್ವರ್ಷ ದೂರದ ಇದು ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಗುಚ್ಛ.

ಅಲ್ಲೇ ನಿಲ್ಲಬೇಡಿ. ಅದೇ ಗೆರೆಯಲ್ಲಿ ಅರ್ಧ ಮುಷ್ಟಿಗೂ ತುಸು ಕಡಿಮೆ ಮೇಲಕ್ಕೆ ಬಂದರೆ ಸೆಂಟಾರಸ್ ಎ, ಅಂದರೆ ಎನ್‌ಜಿಸಿ 5128 ಗ್ಯಾಲಕ್ಸಿ. ದುಂಡನೆಯ ಮಬ್ಬು, ನಡುವೆ ಸೀಳಿದಂತೆ ಕಪ್ಪು ಪಟ್ಟಿ. 200 ಮಿಮೀಯಲ್ಲಿ ಪಟ್ಟಿ ತಿಳಿಯುತ್ತದೆ, 150ರಲ್ಲಿ ಒಳ್ಳೆಯ ಕತ್ತಲಿದ್ದರೆ ಸುಳಿವು ಸಿಗುತ್ತದೆ. ಮತ್ತೆ ಮೇಲೆ ಬಂದು ಹಸ್ತಾ ನಕ್ಷತ್ರದ ನಾಲ್ಕರಲ್ಲಿ ಈಶಾನ್ಯ ಮೂಲೆಯದ್ದನ್ನು ಹಿಡಿದು ಅರ್ಧ ಮುಷ್ಟಿ ಉತ್ತರ–ಈಶಾನ್ಯಕ್ಕೆ ಹೋದರೆ ಎಂ 104, ಅಂಚಿನಿಂದ ಕಾಣುವ ತೆಳುವಾದ ಗ್ಯಾಲಕ್ಸಿ.

ಧನು ರಾಶಿಯ ನೀಹಾರಿಕೆಗಳು ಸಂಜೆ ಎತ್ತರದಲ್ಲಿರುವುದು ನಮ್ಮ ಮಳೆಗಾಲದಲ್ಲಿ. ಅದಕ್ಕೆ ಕಾಯಬೇಡಿ. ಏಪ್ರಿಲ್ ಮೂರನೇ ವಾರ ಬೆಳಗಿನ ಜಾವ ನಾಲ್ಕೂವರೆಗೆ ಎಂ 8 ನೀಹಾರಿಕೆ ದಕ್ಷಿಣದಲ್ಲಿ 52 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ.

ಹಂತ 8: ಓರೆನೋಟ ಮೊದಲು, ಪವರ್ ಆಮೇಲೆ

ಗುರಿ ನಡುವಿಗೆ ಬಂದರೂ ಕಾಣದಿದ್ದರೆ ಅದನ್ನೇ ನೆಟ್ಟ ನೋಟದಲ್ಲಿ ನೋಡಬೇಡಿ. ಕಣ್ಣಿನ ನಟ್ಟನಡುವಿನ ಭಾಗ ಮಸುಕು ಬೆಳಕಿಗೆ ಕುರುಡು, ಅದರ ಸುತ್ತಲಿನ ಭಾಗ ಚುರುಕು. ಬಲಗಣ್ಣಿನಲ್ಲಿ ನೋಡುವವರು ಗುರಿಯ ಬಲಕ್ಕೆ, ಎಡಗಣ್ಣಿನವರು ಎಡಕ್ಕೆ ದೃಷ್ಟಿ ಇಟ್ಟು ಗಮನ ಮಾತ್ರ ಗುರಿಯ ಮೇಲಿಡಿ. ವಿರುದ್ಧ ದಿಕ್ಕಿಗೆ ನೋಡಿದರೆ ಗುರಿ ಕಣ್ಣಿನ ಕುರುಡು ಚುಕ್ಕೆಗೆ ಬಿದ್ದು ಮಾಯವಾಗಬಹುದು. ಟ್ಯೂಬನ್ನು ಬೆರಳಿಂದ ಮೆಲ್ಲಗೆ ತಟ್ಟಿ, ಅಲುಗುವ ಮಬ್ಬು ನಿಂತ ಮಬ್ಬಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಗುರಿಗೆ ಹತ್ತು ನಿಮಿಷ ಕೊಡಿ, ಉಸಿರು ಬಿಗಿಹಿಡಿಯಬೇಡಿ.

ಕಂಡ ಮೇಲೆ 10 ಮಿಮೀ ಹಾಕಿ. ಗೋಳಗುಚ್ಛಗಳಿಗೆ, ಉಂಗುರ ನೀಹಾರಿಕೆಯಂತಹ ಪುಟ್ಟ ಕಾಯಗಳಿಗೆ 120 ಪಟ್ಟು ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಗ್ಯಾಲಕ್ಸಿಗಳಿಗೆ ಮತ್ತೆ 25ಕ್ಕೇ ಮರಳಿ. ಯುಎಚ್‌ಸಿ ಫಿಲ್ಟರ್ (ನೀಹಾರಿಕೆಯ ಬೆಳಕನ್ನಷ್ಟೇ ಬಿಡುವ ಗಾಜು) ಕೊಳ್ಳುವ ಮನಸ್ಸಿದ್ದರೆ ನೆನಪಿಡಿ, ಅದು ಎಂ 42, ಎಂ 8ರಂತಹ ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಮಾತ್ರ. ಗ್ಯಾಲಕ್ಸಿಗೆ ಹಾಕಿದರೆ ಇದ್ದ ಬೆಳಕೂ ಹೋಗುತ್ತದೆ.

ಹಂತ 9: ಅಪಾಯದ ಸೂಚನೆಗಳು

ನಕ್ಷತ್ರಗಳಿಗೆಲ್ಲ ಒಂದೇ ಕಡೆ ಬಾಲ ಬಂದಿದ್ದರೆ ಕಾಲಿಮೇಷನ್ ತಪ್ಪಿದೆ. ಕುದಿಯುತ್ತಿದ್ದರೆ ಕನ್ನಡಿ ಇನ್ನೂ ತಣಿದಿಲ್ಲ ಅಥವಾ ಪಕ್ಕದ ಚಾವಣಿಯ ಬಿಸಿ. ಸುತ್ತ ಮಬ್ಬು ಬಳೆ ಮೂಡಿದರೆ, ಅಥವಾ ಒಂಬತ್ತಕ್ಕೆ ಚೆನ್ನಾಗಿ ಕಂಡದ್ದು ಹತ್ತಕ್ಕೆ ಮಂಕಾದರೆ, ಇಬ್ಬನಿ.

ಡಿಸೆಂಬರ್, ಜನವರಿಯಲ್ಲಿ ನಮ್ಮ ದೊಡ್ಡ ಶತ್ರು ಇದೇ. ಮೊದಲು ಒದ್ದೆಯಾಗುವುದು ಫೈಂಡರ್, ಆಮೇಲೆ ಐಪೀಸ್, ಚಿಕ್ಕ ಕನ್ನಡಿ. 6 ಮಿಮೀ ದಪ್ಪದ ಕಪ್ಪು ಯೋಗ ಮ್ಯಾಟ್‌ನಿಂದ ಕವಚ ಮಾಡಿಕೊಳ್ಳಿ: ಟ್ಯೂಬಿನ ಸುತ್ತಳತೆಯನ್ನು ದಾರದಿಂದ ಅಳೆದು 3 ಸೆಂಮೀ ಸೇರಿಸಿ, ಟ್ಯೂಬಿನ ಬಾಯಿಂದ 30 ಸೆಂಮೀ ಮುಂದೆ ಚಾಚುವಂತೆ ಕತ್ತರಿಸಿ ವೆಲ್ಕ್ರೋ ಹಚ್ಚಿ. ಅಕ್ಕಪಕ್ಕದ ಬೆಳಕನ್ನೂ ಇದು ತಡೆಯುತ್ತದೆ. ಬಳಸದ ಐಪೀಸ್ ಮುಚ್ಚಿದ ಡಬ್ಬಿಯಲ್ಲಿರಲಿ, ಜೇಬಿನಲ್ಲಿ ಬೇಡ. ಆದರೂ ಇಬ್ಬನಿ ಕೂತರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರದಿಂದ ಹಿಡಿಯಿರಿ. ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಲೇಪ ಹೋಗುತ್ತದೆ.

ಹಂತ 10: ಒಳಗೆ ತಂದ ಮೇಲೆ

ಒದ್ದೆ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ ಮಲಗಿದವರ ಕನ್ನಡಿಗೆ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಒಂದೇ ಮಳೆಗಾಲ ಸಾಕು. ಒಳಗೆ ತಂದು ಟ್ಯೂಬನ್ನು ಅಡ್ಡ ಮಲಗಿಸಿ, ಮುಚ್ಚಳ ತೆಗೆದೇ ಬಿಡಿ. ಬೆಳಗ್ಗೆ ಪೂರ್ತಿ ಒಣಗಿದ ಮೇಲೆ ಮುಚ್ಚಿ. ಕೆಂಪು ಚುಕ್ಕೆಯ ಫೈಂಡರ್ ಆರಿಸಿದ್ದೀರಾ ನೋಡಿ, ಇಲ್ಲದಿದ್ದರೆ ಮುಂದಿನ ಅಮಾವಾಸ್ಯೆಗೆ ಸೆಲ್ ಸತ್ತಿರುತ್ತದೆ.

ಮಳೆಗಾಲಕ್ಕೆ ಐಪೀಸ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗೆ ನೆನೆಯುವ ಹೊರಗೋಡೆಗೆ ಟ್ಯೂಬ್ ಒರಗಿಸಬೇಡಿ. ತಿಂಗಳಿಗೊಮ್ಮೆ ತೆರೆದು ನೋಡಿ. ನೀಲಿ ಹರಳು ಗುಲಾಬಿಗೆ ತಿರುಗಿದ್ದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಡಬ್ಬಿಗೆ ಹಾಕಿ. ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಜೇಡರ ಬಲೆಯಂತಹ ಎಳೆ ಕಂಡರೆ ಬೂಷ್ಟು ಶುರುವಾಗಿದೆ. ಆ ಐಪೀಸನ್ನು ಉಳಿದವುಗಳಿಂದ ಕೂಡಲೇ ಬೇರೆ ಡಬ್ಬಿಗೆ ಹಾಕಿ.